ಅಕ್ವೇರಿಯಂ ನೀರು ಹಸರಾಗಿ ಮೀನ ಕಾಣವಲ್ವು, ಎಷ್ಟ ನೀರು ಬದಲಿಸಿದ್ರೂ ವಾರದಾಗ ಮತ್ತ ಹಂಗ – ಏನ್ ಮಾಡೂದ್ರಿ?

ಬಿಜಾಪುರ_ಗೋಲ್ಡಿ (ವಿಜಯಪುರ)

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್. ಐದು ಗೋಲ್ಡ್‌ಫಿಶ್, ಒಂದು ಸಕ್ಕರ್ ಮೀನ ಅವ. ಯುಗಾದಿ ಮುಗದ ಮ್ಯಾಲಿಂದ ನೀರು ಹಸರಾಗ್ಲಿಕತ್ತದ, ಮೊದಲ ತಿಳಿ ಹಸರಿತ್ತು, ಈಗಂತೂ ಪಾಲಕ್ ರುಬ್ಬಿ ಕಲಸಿದಂಗ ಆಗ್ಯದ, ಮೀನ ಗ್ಲಾಸಿನ ಸನಿ ಬಂದಾಗಷ್ಟ ಕಾಣ್ತಾವ, ಮಗಳು ದಿನಾ ಮುಂಜಾನೆದ್ದು ಗ್ಲಾಸಿಗೆ ಮುಖಾ ಹಚ್ಚಿ ಒಂದು ಎರಡು ಅಂತ ಎಣಿಸ್ಕೋತ ನಿಂದರ್ತಾಳ.

ನೀರೆಲ್ಲಾ ತಗದು ಹೊಸಾ ನೀರು ತುಂಬಿಸಿ ಆತು, ಕಲ್ಲು ತಿಕ್ಕಿ ತೊಳದಾತು, ಫಿಲ್ಟರ್ ಸ್ಪಂಜ್ ನಳದ ಕೆಳಗ ಹಿಡದು ಹಿಂಡಿ ಬೆಳ್ಳಗ ಮಾಡಿ ಆತು. ವಾರ ತುಂಬೂದ್ರಾಗ ಮತ್ತ ಹಸರು. ಅಂಗಡಿಯೊಳಗ ಕೇಳಿದ್ರ ಒಂದು ನೀಲಿ ಔಷಧ ಕೊಟ್ಟು ನಾಕ ಹನಿ ಹಾಕ್ರಿ ಅಂದ್ರು, ಅದರಿಂದ ಏನೂ ಫರಕ್ ಆಗಿಲ್ಲ. ಈಗ ಎರಡು ಮೀನ ಬೆಳಕ ಹರಿಯೂ ಹೊತ್ತಿಗೆ ಮ್ಯಾಲ ಬಂದು ಬಾಯಿ ತಗಿಯೂದು ಮುಚ್ಚೂದು ಮಾಡ್ತಾವ, ಹೊತ್ತು ಏರಿದ ಮ್ಯಾಲ ಸರಿ ಆಗ್ತಾವ. ಅದಕ್ಕ ಭಾಳ ಅಂಜಿಕಿ ಆಗ್ಯದ. ಗೊತ್ತಿದ್ದವ್ರು ದಯಮಾಡಿ ಹೇಳ್ರಿ.

ಘಟಪ್ರಭಾ_ದಂಡಿ (ಬಾಗಲಕೋಟೆ)

ಮೊದಲ ಒಂದು ಕೆಲಸ ಮಾಡ್ರಿ, ಏರ್ ಪಂಪ್ ರಾತ್ರಿ ಬಂದ್ ಮಾಡ್ತಿದ್ರ ಇವತ್ತಿಂದ ಬಂದ್ ಮಾಡಬ್ಯಾಡ್ರಿ, 24 ತಾಸೂ ಓಡ್ಲಿ. ಮತ್ತ ಟ್ಯಾಂಕ್ ಪೂರಾ ಖಾಲಿ ಮಾಡೂದು ನಿಲ್ಲಸ್ರಿ. ಉಳದಿದ್ದು ಆಮ್ಯಾಲ ನೋಡೂಣು.

ಈಗ ಇಷ್ಟು ಹೇಳ್ರಿ: ಟ್ಯಾಂಕ್ ಮನ್ಯಾಗ ಯಾವ ಜಾಗಾದಾಗ ಐತಿ, ಬಿಸಲು ಬೀಳ್ತೈತೇನು? ಲೈಟ್ ಎಷ್ಟೊತ್ತು ಹಚ್ಚತೀರಿ? ದಿನಕ್ಕ ಎಷ್ಟ್ ಸಲ ಫುಡ್ ಹಾಕತೀರಿ? ನೀರು ಹೊಳಿದೋ ಬೋರಿಂದೋ?

ಬಿಜಾಪುರ_ಗೋಲ್ಡಿ (ವಿಜಯಪುರ)

ಹೌದ್ರಿ, ಪಂಪ್ ರಾತ್ರಿ ಬಂದ್ ಇರ್ತಿತ್ತು, ಸಪ್ಪಳಕ್ಕ ಮಾವನವ್ರಿಗೆ ನಿದ್ದಿ ಬರೂದಿಲ್ಲ ಅಂತ. ಟ್ಯಾಂಕ್ ಈಶಾನ್ಯ ಮೂಲ್ಯಾಗ ಅದ, ವಾಸ್ತು ಪ್ರಕಾರ ಅಲ್ಲೇ ಇರಬೇಕು ಅಂತ ಮನ್ಯಾಗ ಹಿರಿಯಾರು ಹೇಳ್ಯಾರ. ಬಾಜೂಕ ಮೂಡಣ ಕಿಡಕಿ, ಮುಂಜಾನೆ ಏಳರಿಂದ ಹತ್ತರ ತನಕ ಬಿಸಲು ನೆಟ್ಟಗ ಬೀಳ್ತದ. ಲೈಟು ಸಂಜಿ ಆರಕ್ಕ ಹಚ್ಚಿದ್ರ ಮಲ್ಕೊಳ್ಳೂ ಮಟಾ ಇರ್ತದ. ಫುಡ್ ಮೂರು ಹೊತ್ತು, ಮಗಳು ನಡಕ ಒಮ್ಮೊಮ್ಮೆ ಹಾಕ್ತಾಳ. ನೀರು ಕಾರ್ಪೊರೇಶನ್‌ದು ಬಂದ ದಿನ ಅದು, ಇಲ್ಲಂದ್ರ ಬೋರಿಂದು.

ಘಟಪ್ರಭಾ_ದಂಡಿ (ಬಾಗಲಕೋಟೆ)

ಹಂಗಾರ ಕಾರಣ ಎಲ್ಲಾ ಇಲ್ಲೇ ಸಿಕ್ಕವು ನೋಡ್ರಿ. ಉದ್ದ ಬರೀತೀನಿ, ಸಮಾಧಾನದಿಂದ ಓದ್ರಿ.

ಆ ಹಸರು ಹೊಲಸಲ್ಲ. ನೀರಿನಾಗ ತೇಲಾಡೂ ಒಂದೊಂದ ಕೋಶದ ಪಾಚಿ ಅದು, ಕ್ಲೋರೆಲ್ಲಾ ಥರದ್ದು. ಭಾಳ ಸಣ್ಣವು, ಕ್ಲೋರೆಲ್ಲಾ ಕೋಶ ಮಿಲಿಮೀಟರಿನ ನೂರನೇ ಭಾಗಕ್ಕಿಂತಾ ಸಣ್ಣದು, ಅದಕ್ಕ ಸ್ಪಂಜಿನ ತೂತಿನ್ಯಾಗಿಂದ ಸರಾಗ ಪಾರಾಗಿ ಹೋಗ್ತಾವ, ನೀವು ಎಷ್ಟ ದೊಡ್ಡ ಫಿಲ್ಟರ್ ಹಚ್ಚಿದ್ರೂ ಅಷ್ಟ. ಅವಕ್ಕ ಬೇಕಾಗೂದು ಬೆಳಕು ಮತ್ತ ಗೊಬ್ಬರ. ನಿಮ್ಮಲ್ಲಿ ಬೆಳಕು ಮುಂಜಾನಿ ಮೂರು ತಾಸು ನೆಟ್ಟ ಬಿಸಲು, ಸಂಜಿಮುಂದ ಮತ್ತ ಲೈಟು. ಗೊಬ್ಬರ ಅಂದ್ರ ಮೀನಿನ ಹೊಲಸು ಮತ್ತ ಉಳದ ಫುಡ್, ಅದರಿಂದ ಬರೂ ಅಮೋನಿಯಾ, ನೈಟ್ರೇಟ್, ಫಾಸ್ಫೇಟ್.

ಈಗ ನೀರು ಪೂರಾ ಬದಲಿಸಿದ್ರೂ ಯಾಕ ತಿರುಗಿ ಬರ್ತೈತಿ ಅಂದ್ರ, ಕಲ್ಲಿನ ಸಂದಿನ್ಯಾಗ, ಗ್ಲಾಸಿಗೆ, ಪೈಪಿಗೆ ಒಂದಿಷ್ಟು ಉಳದ ಇರ್ತಾವ. ಚೊಲೋ ಬೆಳಕಿದ್ರ ಅವು ಒಂದ ದಿನದಾಗ ಎರಡ್ಪಟ್ಟು ಆಗಬಲ್ಲವು. ನೂರರಾಗ ಹತ್ತ ಉಳದ್ರೂ ಲೆಕ್ಕಾ ಹಾಕ್ರಿ, ಇಪ್ಪತ್ತು, ನಲವತ್ತು, ಎಂಬತ್ತು, ನಾಕನೇ ದಿನಕ್ಕ ನೂರಾ ಅರವತ್ತು, ಮೊದಲಿಗಿಂತಾ ಹೆಚ್ಚಿಗಿ ಆತಲ್ರಿ. ಅದರ ಮ್ಯಾಲ ಸ್ಪಂಜ್ ನಳದ ನೀರಿನಾಗ ತೊಳದ್ರ ಅದರಾಗಿರು ಚೊಲೋ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಾಯ್ತಾವ. ಅಮೋನಿಯಾನ ನೈಟ್ರೈಟ್ ಮಾಡಿ, ನೈಟ್ರೈಟನ್ನ ನೈಟ್ರೇಟ್ ಮಾಡೂವು ಅವ. ಅವು ಹೋದ ಮ್ಯಾಲ ಅಮೋನಿಯಾ ಹಂಗ ನಿಂದರ್ತೈತಿ, ತೇಲಾಡೂ ಪಾಚಿಗೆ ಅಮೋನಿಯಾ ಸಿಕ್ರ ಹಬ್ಬ. ಅಂದ್ರ ಪೂರಾ ಸ್ವಚ್ಛ ಮಾಡಿದಷ್ಟು ಅದಕ್ಕ ದಾರಿ ಮಾಡಿ ಕೊಟ್ಟಂಗ ಆಗ್ತೈತಿ. ಸ್ಪಂಜ್ ಯಾವಾಗ್ಲೂ ಟ್ಯಾಂಕಿಂದ ಬಕೀಟಿಗೆ ತಗದ ನೀರಿನಾಗ ಎರಡು ಸಲ ಹಿಂಡ್ರಿ, ಕಂದು ಬಣ್ಣ ಉಳದ್ರ ಉಳೀಲಿ.

ಬೆಳಕ ಹರಿಯೂ ಹೊತ್ತಿಗೆ ಮೀನ ಬಾಯಿ ತಗಿಯೂದು ಯಾಕ? ಹಗಲಿ ಪಾಚಿ ಆಕ್ಸಿಜನ್ ಕೊಡ್ತೈತಿ, ರಾತ್ರಿ ಅದೂ ಆಕ್ಸಿಜನ್ ತಗೋತೈತಿ. ಬೆಳಗಿನ ಜಾವಕ್ಕ ನೀರಿನಾಗ ಆಕ್ಸಿಜನ್ ತೀರಾ ಕಡಿಮಿ. ಅದೂ ಬ್ಯಾಸಿಗ್ಯಾಗ ನೀರು ಬಿಸಿ ಆದಷ್ಟು ಆಕ್ಸಿಜನ್ ಹಿಡಿಯೂದು ಕಮ್ಮಿ, 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡದ್ರ 30 ಡಿಗ್ರಿಗೆ ಏಳೂವರಿ ಸನಿ ಬರ್ತೈತಿ. ಪಂಪ್ ಬಂದ್ ಇದ್ರ ಕತ್ತಲಾಗ ಮೀನ ಉಸರಿಗೆ ಒದ್ದಾಡ್ತಾವ. ಹಸರು ನೀರು ಮೀನ ಕೊಲ್ಲಂಗಿಲ್ರಿ, ಕೊಲ್ಲೂದು ಈ ಆಕ್ಸಿಜನ್ ಕೊರತಿ ಮತ್ತ ನಾವು ಗಾಬರಿ ಬಿದ್ದು ಒಮ್ಮಿಗೇ ಎಲ್ಲಾ ಬದಲಿ ಮಾಡೂದು. ಪಂಪಿನ ಸಪ್ಪಳಕ್ಕ, ಅದರ ಕೆಳಗ ಒಂದು ಫೋಮ್ ತುಂಡು ಇಡ್ರಿ, ಗ್ವಾಡಿಗೆ ತಾಗಿಸಬ್ಯಾಡ್ರಿ, ಅರ್ಧಕ್ಕರ್ಧಾ ಕಡಿಮಿ ಆಗ್ತೈತಿ.

ಇನ್ನ ಮಾಡೂದು ಏನಂದ್ರ ಬ್ಲ್ಯಾಕ್‌ಔಟ್, ಅಂದ್ರ ಟ್ಯಾಂಕಿಗೆ ಪೂರಾ ಕತ್ತಲ ಮಾಡೂದು. ಇವತ್ತು ಮೂರರಾಗ ಒಂದ ಪಾಲು ನೀರು ಬದಲಿಸ್ರಿ, ನಳದ ನೀರು ಇದ್ರ ಆಂಟಿಕ್ಲೋರ್ (ಕ್ಲೋರಿನ್ ತಗಿಯೂ ಔಷಧ) ಹಾಕಿ. ಲೈಟ್ ಬಂದ್. ಟ್ಯಾಂಕಿಗೆ ನಾಕೂ ಕಡೆ ದಪ್ಪ ಕೌದಿ ಹೊಚ್ಚ್ರಿ, ಹಳೇ ಕೌದಿ ಎರಡು ಪದರ ಆದ್ರ ಭಾಳ ಚೊಲೋ, ಕೆಳಗಿನ ಅಂಚಿನ್ಯಾಗ ಸೈತ ಬೆಳಕು ಹೋಗಬಾರದು. ಮ್ಯಾಲ ಮಾತ್ರ ಗಾಳಿ ಆಡಾಕ ಸ್ವಲ್ಪ ಸಂದಿ, ಪಂಪ್ ಮತ್ತ ಫಿಲ್ಟರ್ ಓಡ್ತಾನ ಇರಬೇಕು. ಮೂರರಿಂದ ನಾಕ ದಿನ. ಅಷ್ಟೊತ್ತು ಫುಡ್ ಬ್ಯಾಡ, ದೊಡ್ಡ ಗೋಲ್ಡ್‌ಫಿಶ್ ಗಟ್ಟಿಮುಟ್ಟ ಇದ್ರ ಏನೂ ಆಗಂಗಿಲ್ಲ. ದಿನಕ್ಕೊಮ್ಮೆ ಬ್ಯಾಟರಿ ಹಚ್ಚಿ ಒಂದ ಕ್ಷಣ ನೋಡಿ ಮುಚ್ಚ್ರಿ. ತಗದ ದಿನ ಅರ್ಧಾ ನೀರು ಬದಲಿ ಆಗಲೇಬೇಕು, ಸತ್ತ ಪಾಚಿ ಕೊಳತು ಅಮೋನಿಯಾ ಬಿಡ್ತೈತಿ.

ದ್ರಾಕ್ಷಿ_ತಿಕೋಟಾ (ವಿಜಯಪುರ)

ಇಷ್ಟೆಲ್ಲಾ ಯಾಕ್ರಿ, ಮೈಲುತುತ್ತ ಚೂರು ಹಾಕಿದ್ರ ಪಾಚಿ ಸಾಯೂದಿಲ್ಲೇನು? ನಮ್ಮ ದ್ರಾಕ್ಷಿ ಗಿಡಕ್ಕ ಸುಣ್ಣ ಕೂಡಿಸಿ ಬೋರ್ಡೋ ಹೊಡೀತೀವಿ. ತ್ವಾಟದಾಗ ಕೃಷಿ ಹೊಂಡದ ನೀರೂ ಹಸರ ಆಗ್ತದ, ಅಲ್ಲೀಗೂ ಒಬ್ರು ಹಾಕ್ರಿ ಅಂದಿದ್ರು.

ಅಕ್ಕೋರು_ಜಮಖಂಡಿ

ಅಣ್ಣಾರ, ಟ್ಯಾಂಕಿಗೆ ದಯವಿಟ್ಟು ಬ್ಯಾಡ್ರಿ. ಮೈಲುತುತ್ತ ಅಂದ್ರ ತಾಮ್ರದ ಸಲ್ಫೇಟು, ಪಾಚಿ ಸಾಯೂದು ಖರೇ, ಆದ್ರ ತಾಮ್ರ ಮೀನಿನ ಕಿವಿರಿಗೂ ವಿಷ, ಬಸವನಹುಳ, ಸಿಗಡಿ ಅಂತೂ ಮೊದಲ ಹೋಗ್ತಾವ. ಐವತ್ತು ಲೀಟರ್ ನೀರಿಗೆ ಎಷ್ಟು ಅನ್ನೂದು ಚಿಟಿಕಿ ಲೆಕ್ಕದಾಗ ಆಗೂದಲ್ಲ, ಮೆತ್ತನ ನೀರಿನಾಗ ಅದರ ವಿಷ ಇನ್ನೂ ಜಾಸ್ತಿ. ಎರಡನೇದು, ಔಷಧ ಹಾಕಿ ಪಾಚಿ ಎಲ್ಲಾ ಒಮ್ಮಿಗೇ ಸತ್ರ ಅದು ಕೊಳೆಯೂದಕ್ಕ ಇದ್ದ ಆಕ್ಸಿಜನ್ ಎಲ್ಲಾ ಖರ್ಚಾಗಿ ಒಂದ ರಾತ್ರ್ಯಾಗ ಮೀನ ಸಾಯ್ತಾವ. ಹೊಂಡದಾಗ ಮೀನ ಸಾಕಿದ್ರ ಅಲ್ಲೂ ಅದೇ ಅಪಾಯ.

ನಿಂತ ನೀರು, ಮ್ಯಾಲ ಬಿಸಲು, ಒಳಗ ಕೊಳೆಯೂ ಕಸ ಇದ್ರ ಎಲ್ಲೇ ಆಗ್ಲಿ ಹಸರಾಗೂದ. ನಿಮ್ಮ ಊರಾಗ 1620ರಾಗ ಕಟ್ಟಿಸಿದ ತಾಜ್ ಬಾವಡಿ ನೋಡ್ರಿ, ಹಸರುಗಟ್ಟಿದ ನೀರು ನಿಮ್ಮ ಕಣ್ಣಿಗೇ ಬಿದ್ದಿರ್ತೈತಿ. ನಮ್ಮ ಮಕ್ಕಳಿಗೆ ಮೈಕ್ರೋಸ್ಕೋಪಿನ್ಯಾಗ ಹಸರು ನೀರಿನ ಒಂದ ಹನಿ ತೋರಸ್ತೀನಿ, ದುಂಡಗಿನ ಹಸರು ಚುಕ್ಕಿ ಸಾವಿರಗಟ್ಟಲೆ, ನಡು ನಡುವ ಯೂಗ್ಲಿನಾ ಅನ್ನೂ ಒಂದ ಕೋಶದ ಜೀವಿ ಬಾಲ ಬೀಸ್ಕೋತ ಓಡಾಡ್ತಿರ್ತಾವ. ನೋಡಿದ ಮಕ್ಕಳು ಅದನ್ನ ಹೊಲಸು ಅನ್ನೂದ ಬಿಟ್ಟಬಿಡ್ತಾರ.

ಕುಂದಾನಗರಿ_ಟೆಟ್ರಾ (ಬೆಳಗಾವಿ)

ನಡುವ ಕೇಳೂದಕ್ಕ ಕ್ಷಮಾ ಇರ್ಲಿ. ನಮ್ದು ಹೊಸಾ ಟ್ಯಾಂಕ್, ನೀರು ಹಸರಲ್ಲ, ಹಾಲು ಕಲಸಿದಂಗ ಬೆಳ್ಳಗ ಆಗೈತಿ. ನಾನೂ ಕೌದಿ ಹೊಚ್ಚಲೇನ್ರಿ? ನಮ್ಮ ಕಡೆ ರಾಕಸಕೊಪ್ಪ ಡ್ಯಾಮಿಂದು ನೀರು ಬರ್ತೈತಿ.

ಅಕ್ಕೋರು_ಜಮಖಂಡಿ

ಬ್ಯಾಡ್ರಿ, ನಿಮ್ಮದು ಬ್ಯಾರೇನ. ಒಂದು ಬಿಳಿ ಗಾಜಿನ ಲೋಟದಾಗ ಟ್ಯಾಂಕ್ ನೀರು ತುಂಬಿ, ಹಿಂದ ಬಿಳಿ ಹಾಳಿ ಹಿಡದು ನೋಡ್ರಿ. ಹಸರು ಕಂಡ್ರ ಪಾಚಿ. ಬೆಳ್ಳಗ ಮಬ್ಬು ಕಂಡು, ಲೋಟ ಒಂದ ರಾತ್ರಿ ಇಟ್ರೂ ತಳಕ್ಕ ಏನೂ ಕೂಡ್ಲಿಲ್ಲಂದ್ರ ಅದು ಬ್ಯಾಕ್ಟೀರಿಯಾ. ತಳದಾಗ ಮಣ್ಣು ಕೂತ್ರ ಕಲ್ಲು ಸರಿಯಾಗಿ ತೊಳದಿಲ್ಲ ಅಂತ ತಿಳೀರಿ.

ಹೊಸಾ ಟ್ಯಾಂಕಿನ್ಯಾಗ ಬ್ಯಾಕ್ಟೀರಿಯಾ ಮಬ್ಬು ಭಾಳ ಸಾಮಾನ್ಯ, ಬೆಳಕಿಗೂ ಅದಕ್ಕೂ ಸಂಬಂಧ ಇಲ್ಲ, ಕತ್ತಲ ಮಾಡಿದ್ರ ಉಪಯೋಗ ಆಗಂಗಿಲ್ಲ. ಫುಡ್ ಕಡಿಮಿ ಮಾಡ್ರಿ, ಗಾಳಿ ಜಾಸ್ತಿ ಬಿಡ್ರಿ, ಫಿಲ್ಟರ್ ಮುಟ್ಟಬ್ಯಾಡ್ರಿ, ಅದು ತಾನ ತಿಳಿ ಆಗ್ತೈತಿ. ಫಿಲ್ಟರಿನ್ಯಾಗ ಚೊಲೋ ಬ್ಯಾಕ್ಟೀರಿಯಾ ಕೂಡಾಕ ನಾಕರಿಂದ ಆರು ವಾರ ಬೇಕು, ಅಲ್ಲೀತನಕ ಅಮೋನಿಯಾ, ನೈಟ್ರೈಟ್ ಟೆಸ್ಟ್ ಮಾಡ್ಕೋತ, ಏರಿದ ದಿನ ಸ್ವಲ್ಪ ನೀರು ಬದಲಿಸ್ಕೋತ ಹೋಗ್ರಿ. ಹೊಸಾ ಮೀನ ಈಗ ತರಬ್ಯಾಡ್ರಿ.

ಕುಂದಾನಗರಿ_ಟೆಟ್ರಾ (ಬೆಳಗಾವಿ)

ಲೋಟದಾಗ ನೋಡಿದ್ನಿ, ಬೆಳ್ಳಗನ ಐತಿ, ತಳಕ್ಕ ಏನೂ ಕೂತಿಲ್ಲ. ಮನ್ಯಾಗ ತುರಟಿ ತಿರುವಿ ಬಿಡು ಅನ್ನಾಕತ್ತಾರ, ಬಿಂದಿಗಿ ನೀರು ತಿಳಿ ಮಾಡಿದಂಗ. ಅದು ನಡೀತೈತೇನ್ರಿ?

ಘಟಪ್ರಭಾ_ದಂಡಿ (ಬಾಗಲಕೋಟೆ)

ತುರಟಿ ಕುಡಿಯೂ ನೀರಿಗೆ ಸರಿ, ಮೀನಿರು ಟ್ಯಾಂಕಿಗೆ ಅಲ್ಲ. ತೇಲೂ ಕಣ ಗಂಟು ಕಟ್ಟಿಸಿ ತಳಕ್ಕ ಕೂಡಸ್ತೈತಿ ಖರೇ, ಆದ್ರ ನೀರಿನ ಕ್ಷಾರ ತಿಂದು ಪಿಎಚ್ ಇಳಸ್ತೈತಿ. ಬಿಜಾಪುರದ ಗಡಸು ಬೋರ್ ನೀರು ಅದನ್ನ ಸ್ವಲ್ಪ ತಡಕೋಬಹುದು, ಕೆಎಚ್ (ಪಿಎಚ್ ಬೀಳದಂಗ ತಡಿಯೂ ಕ್ಷಾರದ ಅಳತಿ) ಕಡಿಮಿ ಇರು ನೀರಿನಾಗ ಪಿಎಚ್ ದಬಕ್ನ ಬಿದ್ದು ಮೀನ ಸಾಯ್ತಾವ. ಅದೂ ಅಲ್ದ ತಳಕ್ಕ ಕೂತದ್ದು ಟ್ಯಾಂಕಿನ್ಯಾಗ ಇರ್ತೈತಿ, ಗೊಬ್ಬರ ಎಲ್ಲೂ ಹೋಗಂಗಿಲ್ಲ.

ಇದರ ಜೊತಿಗೆ ಕಣಿಕಿ ಮಾತೂ ಹೇಳಿ ಬಿಡ್ತೀನಿ, ಪ್ರತಿ ಸಲ ಯಾರರ ಕೇಳ್ತಾರ. ಹೊರದೇಶದಾಗ ಕೊಳಕ್ಕ ಬಾರ್ಲಿ ಹುಲ್ಲು ಹಾಕೂದು ಐತಿ, ಅದು ನಿಧಾನಕ್ಕ ಕೊಳತು ಹೊಸಾ ಪಾಚಿ ಬೆಳಿಯೂದನ್ನ ತಡೀತೈತಿ ಅಂತಾರ, ಇದ್ದ ಪಾಚಿ ಕೊಲ್ಲೂದಲ್ಲ, ವಾರಗಟ್ಲೆ ಹಿಡೀತೈತಿ. ನಮ್ಮ ಜ್ವಾಳದ ಕಣಿಕಿ ಎರಡಡಿ ಟ್ಯಾಂಕಿಗೆ ಹಾಕಿದ್ರ ಕೊಳತು ನಾರೂದು, ಆಕ್ಸಿಜನ್ ಹೀರೂದು ಅಷ್ಟ ಆಗ್ತೈತಿ.

ಬಿಜಾಪುರ_ಗೋಲ್ಡಿ (ವಿಜಯಪುರ)

ಕೌದಿ ಹೊಚ್ಚೀವ್ರಿ. ಪಂಪ್ ರಾತ್ರಿ ಹಗಲಿ ನಡದದ, ಮುಂಜಾನೆ ಬ್ಯಾಟರಿ ಬಿಟ್ಟು ನೋಡಿದ್ರ ಮೀನ ಬಾಯಿ ತಗಿಯೂದು ನಿಂತದ. ಫೋಮ್ ಇಟ್ಟ ಮ್ಯಾಲ ಮಾವನವ್ರೂ ಏನೂ ಅಂದಿಲ್ಲ. ಮಗಳಿಗೆ ಮಾತ್ರ ಫುಡ್ ಹಾಕೂದು ಬ್ಯಾಡ ಅಂದದ್ದು ಕಠಿಣ ಆಗ್ಯದ. ಒಂದು ಪ್ರಶ್ನೆ, ಈ ಸಕ್ಕರ್ ಮೀನ ಪಾಚಿ ತಿನ್ನತದ ಅಂತ ತಂದಿದ್ವಿ, ಅದು ಯಾಕ ತಿನ್ನವಲ್ದು?

ಘಟಪ್ರಭಾ_ದಂಡಿ (ಬಾಗಲಕೋಟೆ)

ಸಕ್ಕರ್ ಬಾಯಿ ಇರೂದು ಗ್ಲಾಸಿಗೆ, ಕಲ್ಲಿಗೆ ಹತ್ತಿದ್ದನ್ನ ಕೆರಕೊಂಡು ತಿನ್ನಾಕ, ನೀರಿನಾಗ ತೇಲೂದನ್ನ ಅದು ಹಿಡಿಯಾಕ ಬರಂಗಿಲ್ಲ. ಮ್ಯಾಲ ಅದು ಒಂದಡಿ ದಾಟಿ ಬೆಳಿಯೂ ಜಾತಿ, ಹೊಲಸು ಭಾಳ ಮಾಡ್ತೈತಿ. ನಿಮ್ಮ ಟ್ಯಾಂಕ್ ಲೆಕ್ಕ ಹಾಕಿದ್ರ 60 ಗುಣಲೆ 30 ಗುಣಲೆ 30 ಸೆಂಟಿಮೀಟರ್, ಅಂದ್ರ 54 ಲೀಟರ್, ಕಲ್ಲು ತಗದ್ರ ಇನ್ನೂ ಕಡಿಮಿ. ಇದರಾಗ ಐದು ಗೋಲ್ಡ್‌ಫಿಶ್ ಮತ್ತ ಒಂದು ಸಕ್ಕರ್ ಭಾಳ ಆತ್ರಿ. ದೊಡ್ಡ ಟ್ಯಾಂಕ್ ಇದ್ದವ್ರಿಗೆ ಸಕ್ಕರ್ ಕೊಡ್ರಿ, ಗೋಲ್ಡ್‌ಫಿಶ್‌ಗೂ ಮುಂದ ದೊಡ್ಡ ಜಾಗಾ ನೋಡ್ರಿ. ಆದ್ರ ಸಕ್ಕರ್ ಒಯ್ದು ಭೂತನಾಳ ಕೆರಿಗೋ ಹೊಳಿಗೋ ಬಿಡೂದು ಮಾತ್ರ ಬ್ಯಾಡವೇ ಬ್ಯಾಡ. ದಕ್ಷಿಣ ಅಮೇರಿಕಾದ ಮೀನ ಅದು, ನಮ್ಮ ದೇಶದ ಎಷ್ಟೋ ಕೆರಿ-ಹೊಳಿಯೊಳಗ ಈಗಾಗಲೇ ಸೇರ್ಕೊಂಡು ಮೀನುಗಾರರ ಬಲಿ ಹರಿಯಾಕತ್ತೈತಿ, ಇಲ್ಲಿ ಮೀನಿನ ಜಾಗಾ ಕಸಕೊಳ್ತೈತಿ. ನಮ್ಮ ಹೊಳಿ ಬಗ್ಗೆ ಕಾಳಜಿ ಇದ್ದವ್ರು ಇದನ್ನ ನಾಕ ಮಂದಿಗೆ ಹೇಳಬೇಕು.

ಕುಂದಾನಗರಿ_ಟೆಟ್ರಾ (ಬೆಳಗಾವಿ)

ಯುವಿ (ಅತಿನೇರಳೆ) ಲೈಟ್ ಹಚ್ಚಿದ್ರ ಹಸರು ನೀರು ಹೋಗ್ತೈತಿ ಅಂತ ಕೇಳೀನಿ. ಆನ್‌ಲೈನ್‌ನಾಗ ಟ್ಯಾಂಕಿನೊಳಗ ಮುಳಗಿಸೂ ಯುವಿ ಟ್ಯೂಬು ಕಡಿಮಿ ರೇಟಿಗೆ ಸಿಗ್ತಾವ, ಬಿಜಾಪುರದವ್ರು ತಗೋಬಹುದಲ್ರಿ?

ಅಕ್ಕೋರು_ಜಮಖಂಡಿ

ಯುವಿ ಖಂಡಿತ ಕೆಲಸ ಮಾಡ್ತೈತಿ, ಹಸರು ನೀರಿಗೆ ಅದರಷ್ಟು ನಂಬಿಕಸ್ತ ಉಪಾಯ ಕಡಿಮಿ. ಆದ್ರ ಟ್ಯೂಬ್ ಬಯಲಾಗ ಉರಿಯೂ ಥರದ್ದು ತಗೋಬ್ಯಾಡ್ರಿ. 254 ನ್ಯಾನೋಮೀಟರ್ ಸುತ್ತಿನ ಯುವಿ-ಸಿ ಕಿರಣ ಅದು, ನಮ್ಮ ಕಣ್ಣು, ಚರ್ಮ, ಮೀನಿನ ಕಣ್ಣು ಎಲ್ಲಕ್ಕೂ ಹಾನಿ, ಮನ್ಯಾಗ ಸಣ್ಣ ಹುಡುಗಿ ಬ್ಯಾರೆ ಐತಿ. ಡಬ್ಬಿಯೊಳಗ ಪೂರಾ ಮುಚ್ಚಿದ, ನೀರು ಅದರ ಒಳಗ ಹಾದು ಬರೂ ಕ್ಲಾರಿಫೈಯರ್ ಬರ್ತಾವ, 54 ಲೀಟರಿಗೆ 5 ರಿಂದ 9 ವ್ಯಾಟ್ ಸಾಕು. ನೀರು ನಿಧಾನಕ್ಕ ಹಾಯಬೇಕು, ಜೋರಾಗಿ ಹೋದ್ರ ಪಾಚಿಗೆ ಕಿರಣ ತಾಗೂದಿಲ್ಲ. ಟ್ಯೂಬು ನೀಲಿ ಉರದ್ರೂ ಒಂದ ವರ್ಷದ ಸುತ್ತ ಅದರ ಶಕ್ತಿ ಹೋಗಿರ್ತೈತಿ, ಬದಲಿಸಬೇಕು. ಔಷಧ ಹಾಕಿದಾಗ ಯುವಿ ಬಂದ್ ಇಡ್ರಿ, ಕೆಲವು ಔಷಧ ಅದಕ್ಕ ಒಡದು ಹೋಗ್ತಾವ. ಗ್ಲಾಸಿಗೆ ಹತ್ತಿದ ಪಾಚಿಗೆ ಯುವಿ ಏನೂ ಮಾಡಂಗಿಲ್ಲ. ಮತ್ತ ಬಿಸಲು, ಫುಡ್ ಹಂಗ ಇಟ್ಟು ಯುವಿ ಒಂದ ಹಚ್ಚಿದ್ರ, ಅದನ್ನ ಬಂದ್ ಮಾಡಿದ ದಿನದಿಂದ ಹಸರು ತಿರುಗಿ ಶುರು.

ಬಿಜಾಪುರ_ಗೋಲ್ಡಿ (ವಿಜಯಪುರ)

ಕೌದಿ ತಗದ್ವಿ. ಹಸರು ಭಾಳ ಅಂದ್ರ ಭಾಳ ಕಡಿಮಿ ಆಗ್ಯದ, ಹಿಂದಿನ ಗ್ವಾಡಿ ಕಾಣ್ಲಿಕತ್ತದ! ನೀರು ಸ್ವಲ್ಪ ಬೂದಿ ಬಣ್ಣ, ಕಲ್ಲಿನ ಮ್ಯಾಲ ಕಂದು-ಹಸರು ಮೆತ್ತನ ಪುಡಿ ಕೂತದ. ಐದೂ ಮೀನ ಆರಾಮ. ಮುಂದ?

ಘಟಪ್ರಭಾ_ದಂಡಿ (ಬಾಗಲಕೋಟೆ)

ಭಾಳ ಸಂತೋಷ ಆತ್ರಿ. ಆ ಪುಡಿ ಸತ್ತ ಪಾಚಿ, ಇವತ್ತ ಸೈಫನ್ ಪೈಪಿಲೆ ಕಲ್ಲಿನ ಮ್ಯಾಲಿಂದ ಎಳೀರಿ, ಹಂಗ ಅರ್ಧಾ ನೀರು ಬದಲಿ ಆಗ್ತೈತಿ. ಮಾಳಿಗಿ ಮ್ಯಾಲಿನ ಕರೇ ಟಾಕಿ ನೀರು ಮಧ್ಯಾಹ್ನ ಕೈ ಸುಡ್ತೈತಿ, ಅದನ್ನ ಹಾಕಬ್ಯಾಡ್ರಿ, ನಸುಕಿನ್ಯಾಗ ಹಿಡದು ಬಕೀಟಿನ್ಯಾಗ ಇಟ್ಟ ನೀರು ಹಾಕ್ರಿ. ಎರಡು ದಿನ ಬಿಟ್ಟು ಇನ್ನೊಮ್ಮೆ ಕಾಲು ಭಾಗ. ಅಮೋನಿಯಾ ಟೆಸ್ಟ್ ಮಾಡೂ ಮುಂದ ಒಂದು ಲಕ್ಷ್ಯ ಇರ್ಲಿ: ಆ ಟೆಸ್ಟಿನ ಬಣ್ಣಾನೂ ಹಳದಿಯಿಂದ ಹಸರಿಗೆ ತಿರುಗೂದು, ನೀರು ಇನ್ನೂ ಹಸರಿದ್ರ ತಪ್ಪು ಓದೂ ಸಂಭವ ಐತಿ, ಟೆಸ್ಟಿನ ಹನಿ ಹಾಕದ ಟ್ಯಾಂಕ್ ನೀರಿನ ಟ್ಯೂಬ್ ಒಂದು ಬಾಜೂಕ ಹಿಡದು ಹೋಲಿಸ್ರಿ. ಬೋರ್ ನೀರಿಂದೂ ನೈಟ್ರೇಟ್ ಒಮ್ಮೆ ನೋಡ್ರಿ, ಬೋರಿನಾಗ ಮೊದಲ ನೈಟ್ರೇಟ್ ಇದ್ರ ಬದಲಿಸಿದಾಗೊಮ್ಮೆ ಗೊಬ್ಬರ ಹಾಕಿದಂಗ, ಆಗ ಆರ್‌ಓ ನೀರು ಅರ್ಧಾ ಕೂಡಿಸೂದು ಒಳ್ಳೇದು.

ವಾಸ್ತು ಮಾತಿಗೆ, ಹಿರಿಯಾರ ಮನಸ್ಸು ನೋಯಸೂದು ಬ್ಯಾಡ, ಈಶಾನ್ಯ ಮೂಲ್ಯಾಗ ಇರ್ಲಿ. ಟ್ಯಾಂಕ್ ಕಿಡಕಿ ಸಾಲಿನಿಂದ ಒಂದ್ ಮೊಳ ಸರಸ್ರಿ, ಕಿಡಕಿಗೆ ದಪ್ಪ ಪಡದಾ ಹಾಕ್ರಿ, ಬಿಸಲು ಬರೂ ಬದಿ ಗ್ಲಾಸಿಗೆ ಹೊರಗಿಂದ ಕರೇ ಚಾರ್ಟ್ ಪೇಪರ್ ಹಚ್ಚ್ರಿ. ಲೈಟಿಗೆ ಟೈಮರ್ ಪ್ಲಗ್ ಸಿಗ್ತೈತಿ, ದಿನಕ್ಕ ಆರು ತಾಸು ಸಾಕು. ಫುಡ್ ದಿನಕ್ಕ ಒಮ್ಮೆ ಅಥವಾ ಎರಡು ಸಲ, ಎರಡು ನಿಮಿಷದಾಗ ತಿಂದು ಮುಗಸೂ ಅಷ್ಟು. ಮಗಳ ಕೈಯಾಗ ಮುಂಜಾನೆ ಒಂದ ಸಣ್ಣ ಡಬ್ಬಿ ಮುಚ್ಚಳದಾಗ ಅಳತಿ ಮಾಡಿ ಕೊಡ್ರಿ, ಇಡೀ ದಿನದ್ದು ಇಷ್ಟ ಅಂತ, ಆಕಿನೇ ಹಾಕ್ಲಿ.

ಇನ್ನೊಂದು, ಮನಿ ಪ್ಲಾಂಟಿನ ಎರಡು ಬಳ್ಳಿ ತಂದು ಬೇರಷ್ಟ ನೀರಿನಾಗ, ಎಲಿ ಮ್ಯಾಲ ಇರೂ ಹಂಗ ಅಂಚಿಗೆ ಸಿಗಸ್ರಿ. ನೈಟ್ರೇಟ್ ಅದು ಹೀರ್ಕೋತೈತಿ, ಗೋಲ್ಡ್‌ಫಿಶ್ ಬೇರು ಕಡದ್ರ ಜಾಳಿಗಿ ಅಡ್ಡ ಇಡ್ರಿ. ಅಂತರಗಂಗೆನೂ ಕೆಲಸ ಮಾಡ್ತೈತಿ, ಮ್ಯಾಲ ಹರಡಿ ನೆಳ್ಳೂ ಕೊಡ್ತೈತಿ, ಹೆಚ್ಚಾದದ್ದನ್ನ ಬಿಸಲಿಗೆ ಒಣಗಿಸಿ ಗಿಡಕ್ಕ ಹಾಕ್ರಿ, ಗಟಾರಕ್ಕ ಒಗದ್ರ ಅದು ಹೊಳಿ ಸೇರಿ ಹಬ್ಬತೈತಿ.

ಮೇ ತಿಂಗಳ ಬಿಸಲಿಗೆ ಒಂದ ಸಣ್ಣ ಫ್ಯಾನ್ ನೀರಿನ ಮ್ಯಾಲ ಬೀಸೂ ಹಂಗ ಇಡ್ರಿ. ನಮ್ಮ ಕಡೆ ಒಣ ಗಾಳಿಗೆ ನೀರು ಆರಿ ಎರಡು ಮೂರು ಡಿಗ್ರಿ ತಂಪಾಗ್ತೈತಿ. ಆರಿದ ನೀರಿನ ಬದಲಿ ಬರೇ ಬೋರ್ ನೀರು ತುಂಬಕೋತ ಹೋದ್ರ ಉಪ್ಪು ಏರ್ತೈತಿ, ಆ ತುಂಬೂ ನೀರು ಆರ್‌ಓದು ಇರ್ಲಿ.

ಗಪ್ಪಿ_ಇಳಕಲ್ (ಬಾಗಲಕೋಟೆ)

ನನ್ನ ಸಮಸ್ಯಾ ಉಲ್ಟಾ ಐತ್ರಿ. ಮರಿ ಮೀನಿಗೆ ಹಸರು ನೀರು ಬೇಕು ಅಂತಾರ, ಮಾಡೂದು ಹೆಂಗ?

ಅಕ್ಕೋರು_ಜಮಖಂಡಿ

ಬಿಜಾಪುರದವ್ರು ಇವತ್ತ ತಗಿಯೂ ನೀರು ನಿಮಗ ಸಿಕ್ಕಿದ್ರ ಆಗ್ತಿತ್ತು, ಅಷ್ಟ ಚೊಲೋ ಬೀಜ ಅದು. ಒಂದು ಬಿಳಿ ಬಕೀಟಿನ್ಯಾಗ ಟ್ಯಾಂಕಿನ ಹಳೇ ನೀರು ತುಂಬಿ ಅಂಗಳದಾಗ ಬಿಸಲಿಗೆ ಇಡ್ರಿ, ಏರ್ ಸ್ಟೋನ್ (ಪಂಪಿನ ಗಾಳಿ ಗುಳ್ಳಿ ಬಿಡೂ ಕಲ್ಲು) ಬಿಡ್ರಿ, ಮ್ಯಾಲ ಸೊಳ್ಳಿ ಪಡದಾದ ಅರಿವಿ ಕಟ್ಟ್ರಿ, ಇಲ್ಲಂದ್ರ ಸೊಳ್ಳಿ ತತ್ತಿ ಇಡ್ತಾವ. ಮಧ್ಯಾಹ್ನ ಭಾಳ ಕಾಯ್ತಿದ್ರ ನೆಳ್ಳಿಗೆ ಸರಸ್ರಿ. ಹಸರಾದ ಮ್ಯಾಲ ಡಾಫ್ನಿಯಾ (ನೀರಿನಾಗಿನ ಸಣ್ಣ ಹುಳ) ಸಿಕ್ರ ಅದರಾಗ ಬಿಡ್ರಿ, ಅವು ಹಸರು ತಿಂದು ಹೆಚ್ಚಾಗ್ತಾವ, ಮರಿ ಸ್ವಲ್ಪ ದೊಡ್ಡವಾದ್ರ ಅವನ್ನ ತಿನ್ನತಾವ. ಡಾಫ್ನಿಯಾ ಬಿಟ್ಟ ಬಕೀಟು ತಿಳಿ ಆಗಿ ಬಿಡ್ತೈತಿ, ಅದಕ್ಕ ಬೀಜಕ್ಕಂತ ಇನ್ನೊಂದು ಬಕೀಟು ಬ್ಯಾರೇನ ಇಟ್ಕೊಳ್ರಿ. ಗಪ್ಪಿ ಮರಿಗೆ ಹುಟ್ಟಿದ ದಿನದಿಂದ ಪುಡಿ ಫುಡ್ ತಿನ್ನಾಕ ಬರ್ತೈತಿ, ಹಸರು ನೀರು ಅದರ ಜೊತಿಗೆ, ಮರಿ ಟ್ಯಾಂಕಿಗೆ ದಿನಾ ಒಂದ ಲೋಟ ಸಾಕು.